ಸಂಜೆ ಆರರ ಪಟ್ಟಿ

ಪಟ್ಟಿ ಮುಚ್ಚಿರಲಿಲ್ಲ ಕಣೋ ಅರುಣ. ಇಷ್ಟೇ, ನಾಲ್ಕೇ ಪದ. ಬಚ್ಚಲಲ್ಲಿ ತಲೆಗೆ ಬಿಸಿನೀರು ಹುಯ್ದುಕೊಳ್ಳುತ್ತಾ ಗಿರಿಧರ ಅದನ್ನು ಒಂದು ಸಲ ಗಂಭೀರವಾಗಿ, ಒಂದು ಸಲ ನಗುನಗುತ್ತಾ, ಇನ್ನೊಂದು ಸಲ ಗಂಟಲು ಕಟ್ಟಿದವನ ಹಾಗೆ ಹೇಳಿ ನೋಡಿದ. ಗಂಟಲು ಕಟ್ಟಿದ್ದೇ ಚೆನ್ನಾಗಿದೆ ಅನ್ನಿಸಿತು. ತಪ್ಪೊಪ್ಪಿಕೊಳ್ಳುವಾಗಲೂ ತಾನು ಚೆನ್ನಾಗಿ ಕಾಣಬೇಕೆಂಬ ಚಪಲ ಈ ಮಹಾರಾಯನಿಗೆ ಬಿಟ್ಟಿರಲಿಲ್ಲ. "ಏನೋ ಅದು ಒಳಗೆ ವಟವಟ? ಮೂವತ್ಮೂರು ವರ್ಷಕ್ಕೆ ಈಗ ಮಂತ್ರ ನೆನಪಾಯ್ತೇನೋ?" ಎಂದು ಹೊರಗಿನಿಂದ ತಾಯಿ ಗೋದಮ್ಮ ಕೂಗಿದರು. ಇವನು ಚೊಂಬು ಮುಳುಗಿಸಿ ಸದ್ದು ಮಾಡಿದ. ಇವತ್ತು ಹಾಸನದ ಕ್ಲಬ್ಬಿನಲ್ಲಿ ಹೊಸ ಸಿಮೆಂಟು ಟೆನಿಸ್ ಕೋರ್ಟಿನ ಉದ್ಘಾಟನೆ. ನಾಲ್ಕು ಗಂಟೆಗೆ ಪ್ರದರ್ಶನ ಪಂದ್ಯ, ಆಮೇಲೆ ಸನ್ಮಾನ. ಇನ್ವಿಟೇಶನ್ನಿನಲ್ಲಿ 'ಹಾಸನ ಜಿಲ್ಲೆಯ ಹೆಮ್ಮೆಯ ಜೋಡಿ ಗಿರಿಧರ–ಅರುಣ್‌ಕುಮಾರ್' ಎಂದು ಅಚ್ಚು ಹಾಕಿಸಿಬಿಟ್ಟಿದ್ದರು. ಹದಿಮೂರು ವರ್ಷದಿಂದ ನೆಟ್ಟಿನ ಒಂದೇ ಕಡೆ ನಿಲ್ಲದ ಇಬ್ಬರನ್ನು ಜೋಡಿ ಎಂದು ಕರೆಯುವ ಧೈರ್ಯ ಕ್ಲಬ್ಬಿನವರಿಗಲ್ಲದೆ ಇನ್ಯಾರಿಗೆ ಬರಬೇಕು! ಹೇಳಿಬಿಡಬೇಕು, ಇವತ್ತು ಹೇಳದಿದ್ದರೆ ಸಾಯುವತನಕ ಹೇಳುವುದಿಲ್ಲ ಎಂದುಕೊಂಡು ಗಿರಿಧರ ಮೈ ಒರೆಸಿಕೊಂಡ.

ನಡೆದದ್ದು ತೊಂಬತ್ತನಾಲ್ಕರ ಬೇಸಿಗೆಯಲ್ಲಿ, ಬೆಂಗಳೂರಿನ ಒಂದು ಟೂರ್ನಿಯಲ್ಲಿ. ಪ್ರಪಂಚದ ರ‍್ಯಾಂಕಿಂಗಿಗೆ ಅಂಕ ಕೊಡುವ ಟೂರ್ನಿಗಳ ಪೈಕಿ ಅದು ತೀರಾ ತಳದ್ದು. ಆದರೂ ಹಾಸನ ಜಿಲ್ಲೆಯಿಂದ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಡಬಲ್ಸ್ ಆಡುವವರು ಹಿಂದಿನ ದಿನ ಸಂಜೆ ಆರರೊಳಗೆ ನೋಟೀಸ್ ಬೋರ್ಡಿನ ಪಟ್ಟಿಯಲ್ಲಿ ಜೋಡಿಯಾಗಿ ಹೆಸರು ಬರೆದು ಸಹಿ ಹಾಕಬೇಕು. ಆರು ಹೊಡೆಯಿತೋ, ರೆಫರಿ ಪಟ್ಟಿ ಕಿತ್ತುಕೊಂಡು ಒಳಗೆ ಹೋಗುತ್ತಾನೆ, ಆಮೇಲೆ ದೇವರು ಬಂದರೂ ಸೇರಿಸುವುದಿಲ್ಲ. ಗಿರಿಧರ ಎರಡು ದಿನ ಮೊದಲೇ ಹೋಗಿದ್ದ. ಅರುಣ ತನ್ನೂರು ಕಟ್ಟಾಯದಿಂದ ಹಾಸನಕ್ಕೆ ಬಂದು ಬಸ್ಸು ಹತ್ತಿದ್ದ. ಆ ಬಸ್ಸು ಚನ್ನರಾಯಪಟ್ಟಣದಲ್ಲಿ ಪಂಚರಾಗಿ ಒಂದೂವರೆ ಗಂಟೆ ನಿಂತಿತು. ನಾಲ್ಕು ಗಂಟೆಗೆ ಡೆಲ್ಲಿಯ ಹುಡುಗನೊಬ್ಬ, ಆಗಲೇ ರ‍್ಯಾಂಕಿಂಗ್ ಇದ್ದವನು, ಚ್ಯೂಯಿಂಗ್ ಗಮ್ ಅಗಿಯುತ್ತಾ ಬಂದು ನಿನಗೆ ಜೊತೆಗಾರ ಇದ್ದಾನೋ ಎಂದು ಕೇಳಿದ. ಇಲ್ಲ ಎಂದ ಗಿರಿಧರ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು ಎಂದು ಆಮೇಲೆ ಎಷ್ಟೋ ಹೋಟೆಲ್ ರೂಮುಗಳಲ್ಲಿ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಾನೆ. ಬಾಯಿ ಸರಿ, ಸಹಿ ಹಾಕಿದ ಕೈ? ಐದೂ ಇಪ್ಪತ್ತಕ್ಕೆ ಅರುಣ ಬೆವರು ಸುರಿಸಿಕೊಂಡು ಗೇಟಿನಿಂದ ಓಡಿ ಬಂದ. ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದ ಗಿರಿಧರ, "ಐದಕ್ಕೇ ಮುಚ್ಬಿಟ್ರು ಕಣೋ. ಎಷ್ಟು ಕಾದೆ ಗೊತ್ತಾ ನಿಂಗೆ? ಕೊನೇ ಗಳಿಗೇಲಿ ಬೇರೆ ಗತಿ ಇಲ್ದೆ ಈ ಡೆಲ್ಲಿಯವನ ಜೊತೆ ಹಾಕ್ದೆ," ಎಂದ. ಅರುಣ ಏದುಸಿರು ಬಿಡುತ್ತಾ, "ಬಸ್ಸು ಪಂಚರ್ ಆಗೋಯ್ತು ಕಣ್ಲಾ. ತಪ್ಪಾಯ್ತು," ಎಂದ. ತಪ್ಪಾಯ್ತು ಎಂದದ್ದು ಅವನು! ಪ್ರಾಕ್ಟೀಸಿದೆ ಎಂದು ಹೇಳಿ ಗಿರಿಧರ ಅಲ್ಲಿಂದ ಹೊರಟ. ತಿರುಗಿ ನೋಡಲಿಲ್ಲ.

ಆ ಡೆಲ್ಲಿಯ ಜೋಡಿ ಎರಡನೆಯ ಸುತ್ತಿನಲ್ಲೇ ಮಣ್ಣು ಮುಕ್ಕಿತು. ಗಿರಿಧರನಿಗೆ ಸಿಕ್ಕಿದ್ದು ಒಂದು ಅಂಕ. ಆ ಒಂದು ಅಂಕದಿಂದ ಮುಂದಿನ ಟೂರ್ನಿಗೆ ಪ್ರವೇಶ, ಅಲ್ಲಿಂದ ಇನ್ನೊಂದು. ಅಂತೂ ಅವನ ವೃತ್ತಿಜೀವನ ಎನ್ನುವುದು ಶುರುವಾದದ್ದು ಹೀಗೆ. ಅರುಣ ಅದೇ ರಾತ್ರಿ ಬಸ್ಸಿಗೆ ವಾಪಸು ಹೋದ, ಆಮೇಲೆ ಯಾವ ಟೂರ್ನಿಗೂ ಬರಲಿಲ್ಲ. ಊರಿನಲ್ಲೆಲ್ಲ ಪಂಚರಾದ ಬಸ್ಸಿನದೇ ಮಾತು. ಗಿರಿಧರನ ತಂದೆ ಯೋಗಾನರಸಿಂಹ ಮೇಷ್ಟ್ರು ಕೂಡ, ಇವನು ಊರಿಗೆ ಬಂದಾಗ ಪೇಪರಿನಿಂದ ಕಣ್ಣು ಎತ್ತದೆ, "ಬಸ್ಸಿನದೇ ತಪ್ಪು," ಎಂದಿದ್ದರು. ಆ ವಿಷಯದಲ್ಲಿ ಅವರು ಆಡಿದ್ದು ಅದೊಂದೇ ಮಾತು. ಮೇಷ್ಟ್ರು ಸತ್ತು ಆರು ವರ್ಷವಾಯಿತು. ತಾಷ್ಕೆಂಟಿನಲ್ಲಿ ಆಡುತ್ತಿದ್ದ ಗಿರಿಧರ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಊಟ ಮುಗಿಸಿ ತಾಯಿ ಮಗ ಹೊಳೆನರಸೀಪುರದಲ್ಲಿ ಹಾಸನದ ಬಸ್ಸು ಹತ್ತಿದರು. ಕ್ಲಬ್ಬಿನವರು ಕಾರು ಕಳಿಸುತ್ತೇವೆ ಎಂದಿದ್ದರು, ಕಳಿಸಲಿಲ್ಲ. ಕಿಟಕಿ ಪಕ್ಕ ರಾಕೆಟ್ಟಿನ ದೊಡ್ಡ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತವನನ್ನು ಕಂಡಕ್ಟರ್ ಮೇಲೆ ಕೆಳಗೆ ನೋಡಿ ಚೀಲಕ್ಕೂ ಟಿಕೆಟ್ಟು ಹರಿದ. ಹಿಂದಿನ ಸೀಟಿನಿಂದ ಗೊರೂರಿನ ಮಂಚಯ್ಯ ಎದ್ದು ಬಂದ. ನೀರಾವರಿ ಇಲಾಖೆಯವನು, ಕ್ಲಬ್ಬಿನಲ್ಲಿ ಹಳೆಯ ಪರಿಚಯ. "ಓ, ಗಿರಿ ಸಾ! ಪೇಪರ್ನಾಗೆ ನೋಡ್ದೆ. ಅಲ್ಲಾ ಸಾ, ತಪ್ಪು ತಿಳ್ಕಾಬ್ಯಾಡಿ, ಡಬಲ್ಸು ಅಂದ್ರೆ ನೀವು ಅರ್ಧ ಗೆದ್ದಂಗೆ ಅಲ್ವ್ರಾ?" ಗಿರಿಧರ ನಕ್ಕ. ಈ ನಗುವನ್ನು ಅವನು ವರ್ಷಗಟ್ಟಲೆ ಪಳಗಿಸಿಕೊಂಡಿದ್ದ. ಚನ್ನರಾಯಪಟ್ಟಣದಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಬಹಳ ಮರ್ಯಾದೆಯಿಂದ, "ಸಿಂಗಲ್ಸು ಯಾವಾಗ ಕೊಡ್ತಾರೆ?" ಎಂದು ಕೇಳಿದ್ದರು. ಡಬಲ್ಸ್ ಏನೋ ಪ್ರೊಬೇಷನ್ನು, ಚೆನ್ನಾಗಿ ಕೆಲಸ ಮಾಡಿದರೆ ಕಾಯಂ ಆಗುತ್ತದೆ ಎಂದು ಪಾಪ ಅವರ ತಿಳುವಳಿಕೆ. ಡಬಲ್ಸ್‌ನಲ್ಲೂ ಒಂದು ವಿದ್ಯೆ ಇದೆ, ನೆಟ್ಟಿನ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳಿನಲ್ಲಿ ಸನ್ನೆ ಮಾಡುತ್ತಾನೆ, ಹಿಂದಿರುವವನು ಅದನ್ನು ನೋಡಿ ಸರ್ವ್ ಮಾಡುತ್ತಾನೆ, ಎರಡು ಮೈ ಒಂದು ಮನಸ್ಸಾಗಬೇಕು ಎಂದೆಲ್ಲ ಹೇಳುವಷ್ಟರಲ್ಲಿ ಉಪ್ಪಿಟ್ಟು ತಣ್ಣಗಾಗಿ ಹುಡುಗಿ ಎದ್ದು ಹೋಗಿದ್ದಳು. ಎರಡು ಮೈ ಒಂದು ಮನಸ್ಸು! ಹದಿಮೂರು ವರ್ಷದಲ್ಲಿ ಅವನಿಗೆ ನಲವತ್ತೊಂದು ಜೊತೆಗಾರರು. ಇಪ್ಪತ್ತು ಜನರನ್ನು ಇವನು ಬಿಟ್ಟ, ಇಪ್ಪತ್ತೊಂದು ಜನ ಇವನನ್ನು ಬಿಟ್ಟರು. ಬಿಟ್ಟೆ ಎಂದು ಯಾರೂ ಹೇಳುವುದಿಲ್ಲ ಆ ಧಂದೆಯಲ್ಲಿ. 'ಮುಂದಿನ ವಾರ ನೋಡೋಣ' ಅನ್ನುತ್ತಾರೆ. ಮೊದಮೊದಲು ಬಾಗಿಲ ಸಂದಿಯಲ್ಲಿ ಚೀಟಿ ತೂರಿಸುತ್ತಿದ್ದರು, ಮೊಬೈಲು ಬಂದ ಮೇಲೆ ಮೆಸೇಜು. ಕೊನೆಯವನು ಅದನ್ನೂ ಮಾಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಪಟ್ಟಿಯಲ್ಲಿ ಬೇರೊಬ್ಬನ ಜೊತೆ ಅವನ ಹೆಸರಿತ್ತು. ಅವತ್ತು ಗಿರಿಧರ ಬೋರ್ಡಿನ ಮುಂದೆ ನಿಂತು ನಕ್ಕಿದ್ದ.

"ಅರುಣಂದು ಆ ಬಸ್ಸು ಪಂಚರ್ ಆಗ್ದೇ ಇದ್ದಿದ್ರೆ ಇವತ್ತು ಇಬ್ರೂ ಎಲ್ಲಿರ್ತಿದ್ರೋ ಏನ್ ಕತೆಯೋ. ಅಲ್ವ್ರಾ ಅಮ್ಮಾ?" ಎಂದ ಮಂಚಯ್ಯ, ಗೋದಮ್ಮನ ಕಡೆ ತಿರುಗಿ. ಗೋದಮ್ಮ ಕಿಟಕಿಯಾಚೆ ಏನೋ ಭಾರೀ ಇರುವ ಹಾಗೆ ನೋಡತೊಡಗಿದರು. ಅಲ್ಲಿದ್ದದ್ದು ಬರೀ ಹುರುಳಿ ಹೊಲ. ಮಂಚಯ್ಯನ ಮೀಸೆ ಒಂದು ಕ್ಷಣ ಅದುರಿದಂತಾಯಿತು. ಗಿರಿಧರ ಅದನ್ನು ಬಸ್ಸಿನ ಕುಲುಕಾಟ ಎಂದುಕೊಂಡ.

ಅರುಣ ಅವರ ಮನೆಗೆ ಊಟಕ್ಕೆ ಬರುತ್ತಿದ್ದ ಕಾಲ ಬೇಡಬೇಡವೆಂದರೂ ಕಣ್ಣಮುಂದೆ ಬಂತು. ಅರುಣನ ಅಪ್ಪ ಗಂಗಯ್ಯ ಹಾಸನದ ಕ್ಲಬ್ಬಿನ ಮಣ್ಣಿನ ಕೋರ್ಟಿಗೆ ನೀರು ಹಾಕಿ ರೋಲರ್ ಎಳೆಯುವವನು. ಆಫೀಸರುಗಳ ಚೆಂಡು ಹೆಕ್ಕುತ್ತಾ ಹೆಕ್ಕುತ್ತಾ ಆಟ ಕಲಿತ ಅರುಣನನ್ನು ನೋಡಿ ಮೇಷ್ಟ್ರೇ, "ನಮ್ಮ ಗಿರಿಗೆ ಇವನೇ ಸರಿ ಜೋಡಿ," ಎಂದದ್ದು. ಎಡಗಡೆ ಅರುಣ, ಬಲಗಡೆ ಗಿರಿ. ಹದಿನೇಳಕ್ಕೆ ರಾಜ್ಯದ ಜೂನಿಯರ್ ಕಪ್ಪು. ಅಭ್ಯಾಸ ಮುಗಿಸಿ ಹೊಳೆನರಸೀಪುರಕ್ಕೆ ಬಂದರೆ ಗಿರಿಗೆ ಒಳಗೆ ತಟ್ಟೆ, ಅರುಣನಿಗೆ ಜಗಲಿಯಲ್ಲಿ ಎಲೆ. ಗೋದಮ್ಮ ಧಾರಾಳವಾಗಿಯೇ ಬಡಿಸುತ್ತಿದ್ದರು, ಒಂದು ಮೊಳ ಎತ್ತರದಿಂದ. ಕೋರ್ಟಿನಲ್ಲಿ ಡಬಲ್ಸು, ಊಟಕ್ಕೆ ಸಿಂಗಲ್ಸು. ಹೊರಗಿನಿಂದ ಅರುಣ, "ಸಾರು ಸೂಪರ್ ಕಣ್ಲಾ," ಎಂದು ಕೂಗುತ್ತಿದ್ದ, ಒಳಗಿನಿಂದ ಇವನು, "ಇನ್ನೊಂಚೂರು ಹಾಕುಸ್ಕೊಳೋ," ಎನ್ನುತ್ತಿದ್ದ. ನಡುವೆ ಒಂದು ಬಾಗಿಲು. ಆಗ ಅದು ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸದೇ ಇದ್ದದ್ದೇ ಈಗ ಮೈ ಪರಚಿಕೊಳ್ಳುವ ಹಾಗೆ ಮಾಡುತ್ತಿತ್ತು.

ಕ್ಲಬ್ಬಿನ ಗೇಟಿನಲ್ಲಿ ಗಂಗಯ್ಯನೇ ಸಿಕ್ಕಿದ. ಬಗ್ಗಿಹೋಗಿದ್ದ, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. "ಬಂದ್ರಾ ಸಾ. ನೋಡಿ, ಸಿಮೆಂಟು ಆಕ್ಬುಟ್ಟವ್ರೆ. ಇನ್ನು ನೀರಾಕಂಗಿಲ್ಲ, ರೋಲರ್ ಎಳೆಯಂಗಿಲ್ಲ. ಎಂಗೆ ಬಿದ್ರೂ ಚೆಂಡು ಒಂದೇ ತರ ಎದ್ದೇಳುತ್ತಂತೆ," ಎಂದು ಕೋರ್ಟನ್ನು ಅನುಮಾನದಿಂದ ನೋಡಿದ. ಅಲ್ಲೇ ಪಕ್ಕದಲ್ಲಿ ಅರುಣ. ಗೊರೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಕುತ್ತಿಗೆಯಲ್ಲಿ ಸೀಟಿ, ಸಣ್ಣಗೆ ಹೊಟ್ಟೆ, ಅಂಗಿಯ ಜೇಬಿನಲ್ಲಿ ಒಂದು ಹಳೆಯ ಇಂಕ್ ಪೆನ್ನು. "ಏನ್ಲಾ ಗಿರಿ, ಕೂದ್ಲೆಲ್ಲಾ ಎಲ್ಲೋಯ್ತೋ?" ಎಂದು ಅಪ್ಪಿಕೊಂಡ. ಈಗಲೇ ಹೇಳಿಬಿಡಲೇ ಎಂದು ಗಿರಿಧರನ ಬಾಯಿ ತೆರೆಯಿತು, ಬಂದದ್ದು, "ನಿಂಗೆ ಹೊಟ್ಟೆ ಬಂದಿದೆಯಲ್ಲೋ." ಗೋದಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದವನೂ ಅರುಣನೇ. ತನ್ನ ಅಪ್ಪನಿಗೆ ಕುರ್ಚಿ ಇಲ್ಲ ಎಂಬುದನ್ನು ಅವನು ನೋಡಿದನೋ ಇಲ್ಲವೋ, ಗಂಗಯ್ಯ ತಂತಿಬೇಲಿ ಹಿಡಿದುಕೊಂಡು ನಿಂತೇ ಇದ್ದ.

ಎದುರಾಳಿಗಳು ಒಬ್ಬರು ಇಂಜಿನಿಯರು, ಒಬ್ಬರು ಡಾಕ್ಟರು. ಸೋಲಿಸಬೇಕು, ಆದರೆ ಮರ್ಯಾದೆಯಾಗಿ ಸೋಲಿಸಬೇಕು ಎಂದು ಸೆಕ್ರೆಟರಿ ಕಿವಿಯಲ್ಲಿ ಹೇಳಿ ಹೋಗಿದ್ದರು. ಗಿರಿಧರ ನೆಟ್ಟಿನ ಹತ್ತಿರ ಬಗ್ಗಿ ನಿಂತು ಅಭ್ಯಾಸಬಲದಿಂದ ಬೆನ್ನ ಹಿಂದೆ ಬೆರಳು ಮಡಿಸಿದ. ಹಿಂದಿನಿಂದ, "ಅದೆಲ್ಲ ಮರ್ತೋಯ್ತು ಕಣೋ, ಬಾಯ್ಬಿಟ್ಟು ಹೇಳು," ಎಂದು ಅರುಣ ಕೂಗಿದ. ಜನ ನಕ್ಕರು. ಸನ್ನೆ ಮರೆತವನು ಚೆಂಡು ಮರೆತಿರಲಿಲ್ಲ. ಆ ಹೊಟ್ಟೆ ಹೊತ್ತುಕೊಂಡೂ ಅರುಣ ಹೊಡೆದ ರಿಟರ್ನುಗಳು ಎದುರಿನವರ ಕಾಲ ಬುಡದಲ್ಲಿ ಬಿದ್ದು ಸಾಯುತ್ತಿದ್ದವು. ಪ್ರಪಂಚದಲ್ಲಿ ನೂರ ಎಂಬತ್ತೇಳನೆಯ ಸ್ಥಾನದವರೆಗೆ ಹೋಗಿಬಂದ ಗಿರಿಧರ ಚೆಂಡು ನೆಲ ಮುಟ್ಟುವ ಮೊದಲೇ ಬಾರಿಸುವ ಎರಡು ವಾಲಿಯನ್ನು ನೆಟ್ಟಿಗೆ ಹೊಡೆದ. ಇಬ್ಬರ ನಡುವೆ ಚೆಂಡು ಬಂದಾಗ ಎಂದಿನಂತೆ ಮೊದಲೇ, "ನಿಂದು!" ಎಂದು ಕೂಗಿ ಪಕ್ಕಕ್ಕೆ ಸರಿದ. ಇದೇ ಅವನ ಹೆಸರುವಾಸಿ ಕಲೆ. ಕಷ್ಟದ ಚೆಂಡನ್ನು ಎಷ್ಟು ವಿಶ್ವಾಸದಿಂದ ಬಿಡುತ್ತಿದ್ದನೆಂದರೆ ನೋಡಿದವರು ಅದನ್ನು ಯುಕ್ತಿ ಎಂದೇ ತಿಳಿಯಬೇಕು. ಅರುಣ ಓಡಿ ಬಂದು ಅದನ್ನೂ ಹೊಡೆದ. ಪಾಯಿಂಟು ಬಂತು. ಗಿರಿಧರ ಕೈ ಚಾಚಿದ, ಅರುಣ ಅಂಗೈಗೆ ಅಂಗೈ ತಟ್ಟಿದ. ಒರಟು ಕೈ, ಬೆಚ್ಚಗಿತ್ತು. ಅಯ್ಯೋ, ನಲವತ್ತೊಂದು ಜನರ ಕೈ ತಟ್ಟಿದ್ದೇನೆ, ಈ ಕೈ ಒಂದಿದ್ದಿದ್ದರೆ ಸಾಕಿತ್ತಲ್ಲ ಎಂದು ಗಿರಿಧರನಿಗೆ ನಿಜವಾಗಿಯೂ ಅಳು ಬಂತು. ಈ ಸಲ ನಾಟಕದ್ದಲ್ಲ.

ಕಡೆ ಬದಲಾಯಿಸುವ ಹೊತ್ತಿನಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತರು. ತೊಂಬತ್ತು ಸೆಕೆಂಡು. ಮೈಕಿನಲ್ಲಿ ಯಾರೋ ದಾನಿಗಳ ಹೆಸರು ಓದುತ್ತಿದ್ದರು. ಗಿರಿಧರ ಟವಲು ಮುಖಕ್ಕೆ ಒತ್ತಿಕೊಂಡು, ಅದರೊಳಗಿನಿಂದಲೇ, "ಪಟ್ಟಿ ಮುಚ್ಚಿರಲಿಲ್ಲ ಕಣೋ ಅರುಣ," ಎಂದ. ಹೇಳಿಯಾಯಿತು! ಬಚ್ಚಲಲ್ಲಿ ಅಭ್ಯಾಸ ಮಾಡಿದ ಯಾವ ಧಾಟಿಯಲ್ಲೂ ಬರಲಿಲ್ಲ, ಟವಲಿನಲ್ಲಿ ಅರ್ಧ ನುಂಗಿಹೋಯಿತು. ಅರುಣ ನೀರು ಕುಡಿಯುತ್ತಿದ್ದವನು ಬಾಟಲಿಗೆ ಮುಚ್ಚಳ ಹಾಕಿದ. "ಯಾವ ಪಟ್ಟಿ?" ಎಂದ. "ಬೆಂಗಳೂರಲ್ಲಿ. ಆರರವರೆಗೂ ಇತ್ತು. ನಿಂಗೆ ಐದು ಅಂತ ಸುಳ್ಳು ಹೇಳಿದ್ದೆ." ಅರುಣ ಅವನನ್ನು ಕನಿಕರದಿಂದ ನೋಡಿದ, ತಡವಾಗಿ ಮಗ್ಗಿ ಒಪ್ಪಿಸಿದ ಹುಡುಗನನ್ನು ನೋಡುವ ಹಾಗೆ. "ಗೊತ್ತು ಕಣೋ," ಎಂದ.

"ಗೊತ್ತಾ?"

"ನೀನು ಅತ್ಲಾಗೆ ಒಂಟೋದೆ, ನಾನು ಸುಸ್ತಾಗಿ ಆ ಬೋರ್ಡ್ ಕೆಳ್ಗೇ ಕುಂತೆ. ಐದೂಮುಕ್ಕಾಲಕ್ಕೆ ಯಾರೋ ಇಬ್ರು ಬಂದು ಸೈನ್ ಆಕಿದ್ರು. ನನ್ನ ಪೆನ್ನೇ ಇಸ್ಕಂಡ್ರು ಕಣ್ಲಾ! ಸೈನ್ ಆಕಕ್ಕೆ ಅಂತ್ಲೇ ನಮ್ಮಪ್ಪ ಕೊಡ್ಸಿದ್ದ ಪೆನ್ನು. ಅವನು ಎಬ್ಬೆಟ್ಟು ಒತ್ತೋನು, ಮಗ ಆದ್ರೂ ಒಳ್ಳೇ ಪೆನ್ನಲ್ಲಿ ಆಕ್ಲಿ ಅಂತ."

ಗಿರಿಧರ ಟವಲನ್ನು ಬೆಂಚಿನ ಮೇಲಿಟ್ಟ. "ಮತ್ತೆ ಎಲ್ಲರಿಗೂ ಬಸ್ಸು ಅಂತ ಯಾಕೆ ಹೇಳ್ದೆ?"

"ನಾನೆಲ್ಲಿ ಏಳ್ದೆ? ನಮ್ಮಪ್ಪ ಮಾರನೇ ದಿನಾನೇ ಕ್ಲಬ್ಬಲ್ಲೆಲ್ಲ ಡಂಗುರ ಒಡ್ದಿದ್ದ, ಮೇಷ್ಟ್ರ ಮಗ ಇಂಗೆ ಮಾಡ್ದ ಅಂತ. ಅದು ನಿಮ್ಮಪ್ಪಂಗೆ ಮುಟ್ತು. ಆ ವಾರಾನೇ ಕಟ್ಟಾಯದ ಬಸ್ಸತ್ಕಂಡು ನಮ್ಮನೇಗೆ ಬಂದ್ರು. ಜಗಲಿ ಮೇಲೆ ಕುಂತ್ರು. ನಮ್ಮವ್ವ ಎದ್ರುಕೊಂಡೇ ಕಾಫಿ ಕೊಟ್ರೆ ಪೂರ್ತಿ ಕುಡುದ್ರು. ಲೋಟ ಕೆಳಗಿಟ್ಬುಟ್ಟು, 'ಗಂಗಯ್ಯ, ಹುಡುಗನ ಹೆಸರು ಈಗಷ್ಟೇ ಪೇಪರಿಗೆ ಬಂದಿದೆ, ಬಸ್ಸಿಂದೇ ತಪ್ಪು ಅಂತ ಇರ್ಲಿ' ಅಂದ್ರು. ಅಂತಾ ಮೇಷ್ಟ್ರು ನಮ್ಮನೇಲಿ ಕಾಫಿ ಕುಡ್ದವ್ರೆ, ನಮ್ಮಪ್ಪ ಇನ್ನೇನು ಏಳಾನು? ಊಂ ಅಂದ. ಅವತ್ತಿಂದ ಊರೋರೆಲ್ಲ ಬಸ್ಸು ಅಂತಾವ್ರೆ. ನಿನ್ನ ಮುಖ ನೋಡ್ಕಂಡು ಬಸ್ಸು ಅಂತ ಅನ್ನೋದು ಇಲ್ಲಿ ಒಂತರಾ ಆಟ ಆಗೋಗದೆ." ಅರುಣ ಎದ್ದು ರಾಕೆಟ್ಟಿನ ತಂತಿ ಸರಿಮಾಡಿಕೊಂಡ. "ನಡಿ, ಟೈಮಾಯ್ತು. ಡಾಕ್ಟ್ರು ಕಾಯ್ತಾವ್ರೆ."

ಸಿಟ್ಟಾದರೂ ಮಾಡಿಕೊಳ್ಳಬಾರದಿತ್ತೇ ಇವನು? ಒಂದು ಬೈಗುಳ, ಒಂದು ಏಟು, ಏನಾದರೂ! ಹದಿಮೂರು ವರ್ಷ ಗಿರಿಧರ ಹೊಟ್ಟೆಯಲ್ಲಿ ಬಚ್ಚಿಟ್ಟು ಸಾಕಿದ ಪಾಪ ಊರಿನವರ ಎಲೆ ಅಡಿಕೆ ಜೊತೆಗಿನ ಹರಟೆಯಾಗಿತ್ತು. ಅಪ್ಪ ಗೊತ್ತಿದ್ದೂ ಪೇಪರಿನಿಂದ ಕಣ್ಣೆತ್ತಿರಲಿಲ್ಲ. ಅಪ್ಪ ಕುಡಿದದ್ದು ಕಾಫಿ. ಇದೇ ಅಪ್ಪ ಅರುಣನ ಲೋಟವನ್ನು ಹಿತ್ತಿಲ ಗೂಡಿನಲ್ಲಿ ಬೇರೆ ಇಡಿಸಿದ್ದರು. ಒಬ್ಬ ಮೇಷ್ಟ್ರು ತನ್ನ ಆಚಾರವನ್ನೆಲ್ಲ ಒಂದು ಲೋಟಕ್ಕೆ ಬಿಟ್ಟುಕೊಟ್ಟದ್ದು ಏತಕ್ಕೆ? ನೂರ ಎಂಬತ್ತೇಳನೆಯ ಸ್ಥಾನಕ್ಕೆ. ಆಮೇಲಿನ ಆಟ ಹೇಗೆ ಮುಗಿಯಿತೋ ಅವನಿಗೆ ತಿಳಿಯಲಿಲ್ಲ. ಗೆದ್ದರಂತೆ.

ಸನ್ಮಾನದ ವೇದಿಕೆ ಕೋರ್ಟಿನ ಪಕ್ಕದಲ್ಲೇ. ಅರಕಲಗೂಡಿನ ದೇವಯ್ಯ, ನಿವೃತ್ತ ಹೆಡ್ ಮಾಸ್ಟರು, ಜಿಲ್ಲೆಯ ಯಾವ ಸಮಾರಂಭವಾದರೂ ಮೈಕು ಇವರ ಕೈಗೇ ಬರುವುದು. ಗಿರಿಧರನಿಗೆ ಪೇಟ ಸುತ್ತಿದರು, ಅಳತೆ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ಅರುಣನಿಗೂ ಒಂದು ಶಾಲು. ದೇವಯ್ಯ ಗಂಟಲು ಸರಿಮಾಡಿಕೊಂಡು, "ಈ ಜೋಡಿಯ ಕತೆ ತಮಗೆಲ್ಲ ಗೊತ್ತೇ ಇದೆ. ಅವತ್ತು ಚನ್ನರಾಯಪಟ್ಟಣದಲ್ಲಿ ಆ ಒಂದು ಬಸ್ಸು..." ಎಂದು ನಿಲ್ಲಿಸಿದರು. ಪಾಠ ಮಾಡಿ ಪಳಗಿದವರು, ಎಲ್ಲಿ ನಿಲ್ಲಿಸಬೇಕೆಂದು ಬಲ್ಲರು. ಈ ಮಾತು ಬಂದಾಗಲೆಲ್ಲ ಜನ ಅರುಣನ ಕಡೆ ಕನಿಕರದಿಂದ ನೋಡುತ್ತಾರೆ ಎಂದು ಗಿರಿಧರ ಇಷ್ಟು ವರ್ಷ ತಲೆ ತಗ್ಗಿಸುತ್ತಿದ್ದ. ಇವತ್ತು ಪೇಟದ ಕೆಳಗಿನಿಂದ ಕಣ್ಣೆತ್ತಿ ನೋಡಿದ. ಯಾರೊಬ್ಬರೂ ಅರುಣನನ್ನು ನೋಡುತ್ತಿರಲಿಲ್ಲ. ಮಂಚಯ್ಯ, ಸೆಕ್ರೆಟರಿ, ಇಂಜಿನಿಯರು, ಡಾಕ್ಟರು, ತಂತಿಬೇಲಿ ಹಿಡಿದ ಗಂಗಯ್ಯ, ಎಲ್ಲರ ಕಣ್ಣೂ ತನ್ನ ಮೇಲೇ. ಎಷ್ಟೋ ವರ್ಷದಿಂದ ಹೀಗೇ ನೋಡುತ್ತಿದ್ದರೇನೋ. ದೇವಯ್ಯ ಸಮಾಧಾನವಾಗಿ, "ಬಸ್ಸಿನದೇ ತಪ್ಪು!" ಎಂದು ಮುಗಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಸೆಕ್ರೆಟರಿ ಹೊಸ ಕೋರ್ಟಿನ ಸಂದರ್ಶಕರ ಪುಸ್ತಕ ತಂದು ಮೈಕಿನ ಪಕ್ಕದ ಮೇಜಿನ ಮೇಲೆ ಬಿಚ್ಚಿಟ್ಟರು. ಮೊದಲನೆಯ ಹಾಳೆ, ಖಾಲಿ. ಜೋಡಿಯಾಗಿ ಇಬ್ಬರೂ ಸಹಿ ಹಾಕಬೇಕು, ಫೋಟೋದವರು ಕಾಯುತ್ತಿದ್ದಾರೆ ಎಂದರು. ಗಿರಿಧರ ಟ್ರ್ಯಾಕ್ ಸೂಟಿನ ಜೇಬುಗಳನ್ನು ಒಂದೊಂದಾಗಿ ತಡಕಿದ. ಪೆನ್ನಿರಲಿಲ್ಲ. ಅರುಣ ತನ್ನ ಅಂಗಿಯ ಜೇಬಿನಿಂದ ಆ ಇಂಕ್ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮುಚ್ಚಳವನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಪೆನ್ನನ್ನು ಚಾಚಿದ. ಕ್ಲಬ್ಬಿನ ಗೋಡೆಯ ಗಡಿಯಾರದಲ್ಲಿ ಐದೂ ಮುಕ್ಕಾಲು. ಗಿರಿಧರನ ಕೈ ಮುಂದೆ ಹೋಗಲಿಲ್ಲ.

"ಆಕು ಕಣ್ಲಾ," ಎಂದ ಅರುಣ. "ಇನ್ನೂ ಆರಾಗಿಲ್ಲ."

ಮೈಕು ಆನ್ ಇತ್ತು. ಎಲ್ಲರಿಗಿಂತ ಮೊದಲು ನಕ್ಕದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಗೋದಮ್ಮ.